ಅಕ್ಷಪರೀಕ್ಷೆ

ಕಳೆದ ಆಷಾಢದ ಒಂದು ಸಾಯಂಕಾಲ ನಮ್ಮ ಬೀದಿಯ ಗೃಹಿಣಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನು ಹಿಂದೆ ನನ್ನಲ್ಲಿ ಮೂರು ವರ್ಷ ಸಂಸ್ಕೃತ ಓದಿದವನು, ಗಣಿತದಲ್ಲಿ ನಿಪುಣನು, ಈಗ ಉದ್ಯೋಗಸ್ಥನು. ಆಕೆ ಕುಳಿತವರೇ, "ಮೇಷ್ಟ್ರೇ, ತಂಗಿಯ ಕಾಲೇಜಿನ ಫೀಸಿಗೆ ಅಂತ ಇಟ್ಟಿದ್ದ ಹಣವನ್ನೆಲ್ಲ ಇವನು ಮೊಬೈಲಿನಲ್ಲಿ ಜೂಜಾಡಿ ಕಳೆದಿದ್ದಾನೆ. ಅದೆಲ್ಲ ಮೋಸ ಕಣೋ ಅಂದರೆ, ಮೋಸ ಇಲ್ಲ ಅಂತ ನನಗೇ ಲೆಕ್ಕ ತೋರಿಸುತ್ತಾನೆ. ನೀವಾದರೂ ಒಂದು ಮಾತು ಹೇಳಿ" ಎಂದು ಕಣ್ಣೊರೆಸಿಕೊಂಡರು.

ಹುಡುಗನು ತಲೆ ತಗ್ಗಿಸಿದ್ದನು. ಆದರೆ ವಾದದಲ್ಲಿ ತಗ್ಗಲಿಲ್ಲ. "ಸೋತದ್ದು ನಿಜ ಮೇಷ್ಟ್ರೇ. ಆದರೆ ಮೋಸ ಅಂತ ಮಾತ್ರ ಹೇಳಬೇಡಿ. ಒಂದೊಂದು ಆಟವನ್ನೂ ನಾವೇ ಪರೀಕ್ಷೆ ಮಾಡಿ ನೋಡಬಹುದು. ನಿಮ್ಮೆದುರಿಗೇ ಮಾಡಿ ತೋರಿಸುತ್ತೇನೆ" ಎಂದನು.

ಅಂದಿನಿಂದ ನಾಲ್ಕೈದು ಸಾಯಂಕಾಲ ನಾನು ಆತನ ಶಿಷ್ಯನಾಗಿ ಕುಳಿತು ಆ ಪರೀಕ್ಷೆಯನ್ನು ಕಲಿತೆನು. ಕಲಿತ ಮೇಲೆ ತಿಳಿದುದೇನೆಂದರೆ, ಮಗನು ಹೇಳಿದ್ದೂ ಸುಳ್ಳಲ್ಲ, ತಾಯಿಯ ದುಃಖವೂ ಅಕಾರಣವಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಇಂತಹ ವಾದವು ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ, ನಾನು ಅರಿತುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆದಿರುವೆನು.

ಹಳೆಯ ಸಂದೇಹ

ದಾಳವು ನೇರವಾಗಿ ಬಿದ್ದಿತೆ, ಕೈಚಳಕದಿಂದ ಬಿದ್ದಿತೆ ಎಂಬ ಸಂದೇಹವು ದ್ಯೂತದಷ್ಟೇ ಪ್ರಾಚೀನವಾದುದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಪರಿತಾಪವನ್ನು ಹೇಳುವ ಒಂದು ಸೂಕ್ತವೇ ಇರುವುದು. ಶಕುನಿಯ ದಾಳಗಳು ಅವನ ತಂದೆಯ ಎಲುಬಿನಿಂದ ಮಾಡಿದವೆಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಕಥೆಯು ವ್ಯಾಸಭಾರತದಲ್ಲಿ ಇಲ್ಲದಿದ್ದರೂ, ಸೋಲನ್ನು ಕಂಡ ಜನರ ಮನಸ್ಸು ಮೊದಲು ದಾಳವನ್ನೇ ಶಂಕಿಸುವುದೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಕೌಟಿಲ್ಯನು ಈ ಸಂದೇಹಕ್ಕೆ ರಾಜಶಾಸನದ ಮೂಲಕ ಪರಿಹಾರವನ್ನು ಹುಡುಕಿದನು. ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಕಡೆಯ ಅಧ್ಯಾಯದಲ್ಲಿ, ಜೂಜನ್ನು ಒಂದೇ ಸ್ಥಳದಲ್ಲಿ ಆಡಿಸತಕ್ಕದ್ದೆಂದೂ, ದ್ಯೂತಾಧ್ಯಕ್ಷನೇ ಶುದ್ಧವಾದ ದಾಳಗಳನ್ನು ಒದಗಿಸತಕ್ಕದ್ದೆಂದೂ, ದಾಳವನ್ನು ಬದಲಿಸಿದವನಿಗೆ ಹನ್ನೆರಡು ಪಣ ದಂಡವೆಂದೂ ವಿಧಿಸಿರುವನು. ಅದರೊಂದಿಗೆ, ಗೆದ್ದ ಹಣದಲ್ಲಿ ಅಧ್ಯಕ್ಷನು ನೂರಕ್ಕೆ ಐದನ್ನು ತೆಗೆದುಕೊಳ್ಳತಕ್ಕದ್ದೆಂದೂ ಹೇಳಿರುವನು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಿರುವುದು.

ಮೊಬೈಲಿನ ಜೂಜಿನಲ್ಲಿ ಕಣ್ಣಿಗೆ ಕಾಣುವ ದಾಳವೇ ಇಲ್ಲ. ಎಲ್ಲಿಯೋ ಇರುವ ಒಂದು ಕಂಪ್ಯೂಟರು ಒಂದು ಸಂಖ್ಯೆಯನ್ನು ಹೇಳುವುದು, ನಾವು ನಂಬಬೇಕು. ಹೀಗೆ ಸುಮ್ಮನೆ ನಂಬುವುದು ಎಷ್ಟು ಅಪಾಯಕರವೆಂಬುದು 1999ರಲ್ಲಿ ಬಯಲಾಯಿತು. ಅಂತರ್ಜಾಲದ ಇಸ್ಪೀಟು ಆಟಕ್ಕೆ ಯಂತ್ರವನ್ನು ಒದಗಿಸುತ್ತಿದ್ದ ಒಂದು ಅಮೆರಿಕದ ಕಂಪನಿಯು, ತಾನು ಎಲೆಗಳನ್ನು ಎಷ್ಟು ನ್ಯಾಯವಾಗಿ ಕಲೆಸುವೆನೆಂದು ತೋರಿಸಲು ಕಲೆಸುವ ವಿಧಾನವನ್ನೇ ಪ್ರಕಟಿಸಿತು. ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬ ಸಂಸ್ಥೆಯವರು ಅದನ್ನು ಪರಿಶೀಲಿಸಿದರು. ಐವತ್ತೆರಡು ಎಲೆಗಳನ್ನು ಜೋಡಿಸುವ ಕ್ರಮಗಳು ಅರವತ್ತೆಂಟು ಅಂಕಿಗಳ ಒಂದು ಮಹಾಸಂಖ್ಯೆಯಷ್ಟಿವೆ. ಈ ಯಂತ್ರವಾದರೋ ಮಧ್ಯರಾತ್ರಿಯಿಂದ ಕಳೆದ ಸೆಕೆಂಡಿನ ಸಾವಿರದಂಶಗಳನ್ನು ಎಣಿಸಿ ಅದರಿಂದ ಕಲೆಸುತ್ತಿದ್ದುದರಿಂದ, ದಿನವೊಂದಕ್ಕೆ 8 ಕೋಟಿ 64 ಲಕ್ಷ ಕ್ರಮಗಳಿಗಿಂತ ಹೆಚ್ಚು ಹುಟ್ಟುವಂತೆಯೇ ಇರಲಿಲ್ಲ. ಗಡಿಯಾರವನ್ನು ಸರಿಹೊಂದಿಸಿಕೊಂಡರೆ ಅವು ಸುಮಾರು ಎರಡು ಲಕ್ಷಕ್ಕೆ ಇಳಿಯುತ್ತಿದ್ದವು. ಕೈಯಲ್ಲಿರುವ ಎರಡು ಎಲೆ, ಹಾಸಿನ ಮೇಲಿನ ಮೂರು ಎಲೆ, ಇಷ್ಟನ್ನು ಕಂಡರೆ ಉಳಿದವರ ಎಲೆಗಳೆಲ್ಲವನ್ನೂ ಹೇಳಬಹುದೆಂದು ಅವರು ತೋರಿಸಿದರು. ಇಲ್ಲಿ ದುರುದ್ದೇಶವಿರಲಿಲ್ಲ, ಅಜ್ಞಾನವಿತ್ತು. ನಷ್ಟಪಡುವವನಿಗೆ ಎರಡೂ ಒಂದೇ.

ಮುಚ್ಚಿಟ್ಟ ಚೀಟಿಯ ನ್ಯಾಯ

ಹಾಗಾದರೆ ದೂರದಲ್ಲಿರುವ ಇಬ್ಬರು ಪರಸ್ಪರ ನಂಬದೆಯೇ ನ್ಯಾಯವಾಗಿ ದಾಳ ಹಾಕುವುದು ಸಾಧ್ಯವೆ? ಸಾಧ್ಯವೆಂಬುದೇ ವಿಸ್ಮಯ. ಇದರ ಮೂಲತತ್ತ್ವವು ಬಹು ಸರಳವಾದುದು: ಮೊದಲು ಒಂದು ಚೀಟಿಯಲ್ಲಿ ಬರೆದು ಮುದ್ರೆಯೊತ್ತಿ ಎಲ್ಲರ ಮುಂದಿಡುವುದು, ಆಮೇಲೆ ತೆರೆದು ತೋರಿಸುವುದು. 1676ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿಯು ತಾನು ಕಂಡುಹಿಡಿದ ನಿಯಮದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ, ಅರ್ಥವಾಗದಂತೆ ಅಚ್ಚು ಹಾಕಿಸಿದನು. 1678ರಲ್ಲಿ ಅದನ್ನು ಬಿಡಿಸಿ, ಎಳೆದ ಬಲಕ್ಕೆ ಅನುಗುಣವಾಗಿ ಸ್ಪ್ರಿಂಗು ನೀಳವಾಗುವುದೆಂಬ ನಿಯಮವನ್ನು ತೋರಿಸಿದನು. ಎರಡು ವರ್ಷ ಗುಟ್ಟೂ ಉಳಿಯಿತು, ಮಾತನ್ನು ಬದಲಿಸುವ ಅವಕಾಶವೂ ಇರಲಿಲ್ಲ. 1981ರಲ್ಲಿ ಮಾನ್ಯುಯೆಲ್ ಬ್ಲಮ್ ಎಂಬ ಅಮೆರಿಕದ ಪ್ರಾಧ್ಯಾಪಕರು, ಬೇರೆ ಬೇರೆ ಊರಿನಲ್ಲಿರುವ ಇಬ್ಬರು ಟೆಲಿಫೋನಿನಲ್ಲಿಯೇ ಮೋಸವಿಲ್ಲದೆ ನಾಣ್ಯ ಚಿಮ್ಮಿಸುವುದು ಹೇಗೆಂಬುದನ್ನು ಗಣಿತದಿಂದ ಸಾಧಿಸಿದರು.

ಇಂದಿನ ಮುದ್ರೆಗೆ ಹ್ಯಾಷ್ ಎಂದು ಹೆಸರು. ಇದನ್ನು ಹಿಟ್ಟಿನ ಗಿರಣಿಗೆ ಹೋಲಿಸಬಹುದು. ಯಾವ ಮಾತನ್ನು ಹಾಕಿದರೂ ಅದು ಅರೆದು, ಅರವತ್ತನಾಲ್ಕು ಅಕ್ಷರಗಳ ಒಂದು ಸಾಲನ್ನು ಕೊಡುವುದು. ಅದೇ ಕಾಳನ್ನು ಎಷ್ಟು ಸಲ ಹಾಕಿದರೂ ಅದೇ ಹಿಟ್ಟು. ಒಂದು ಕಾಳು ಬದಲಾದರೂ ಹಿಟ್ಟೆಲ್ಲವೂ ಬೇರೆ. ಹಿಟ್ಟನ್ನು ನೋಡಿ ಕಾಳನ್ನು ಮರಳಿ ಪಡೆಯುವುದು ಅಸಾಧ್ಯ. 2002ರಲ್ಲಿ ಅಮೆರಿಕದ ಸರ್ಕಾರವು ಪ್ರಮಾಣವಾಗಿ ಪ್ರಕಟಿಸಿದ ಎಸ್‌ಎಚ್‌ಎ-256 ಎಂಬುದು ಇಂತಹ ಗಿರಣಿ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಎಂಬ ಕ್ರಿಪ್ಟೋಕರೆನ್ಸಿಯು, ಅಂದರೆ ಯಾವ ಸರ್ಕಾರದ ಟಂಕಸಾಲೆಯಲ್ಲಿಯೂ ಹುಟ್ಟದೆ ಕಂಪ್ಯೂಟರುಗಳ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ಹಣವು, ಇದೇ ಗಿರಣಿಯನ್ನು ಆಧರಿಸಿದೆ.

ಜೂಜಿನ ತಾಣವು ಮಾಡುವುದು ಇಷ್ಟು. ಮೊದಲು ತಾನೊಂದು ಗುಪ್ತವಾಕ್ಯವನ್ನು ಆರಿಸಿ, ಅದರ ಹಿಟ್ಟನ್ನು ಮಾತ್ರ ನಮಗೆ ತೋರಿಸುವುದು. ಬಳಿಕ ಆಟಗಾರನು ತನ್ನ ಇಷ್ಟದಂತೆ ಒಂದು ವಾಕ್ಯವನ್ನು ಕೊಡುವನು. ಇವೆರಡನ್ನೂ ಆಟದ ಕ್ರಮಸಂಖ್ಯೆಯನ್ನೂ ಸೇರಿಸಿ ಅರೆದು, ಬಂದ ಸಾಲಿನಿಂದ ದಾಳದ ಸಂಖ್ಯೆಯನ್ನು ತೆಗೆಯುವರು. ಮೊದಲನೆಯ ವಾಕ್ಯವನ್ನು ಆಟಗಾರನು ಅರಿಯನು; ಎರಡನೆಯದನ್ನು ಮೊದಲೇ ತಿಳಿದುಕೊಳ್ಳಲು ತಾಣದವರಿಗೆ ಸಾಧ್ಯವಿಲ್ಲ. ಹೀಗಿರಲು ಸಂಖ್ಯೆಯನ್ನು ತನಗೆ ಬೇಕಾದಂತೆ ಬಗ್ಗಿಸಿಕೊಳ್ಳುವ ಶಕ್ತಿಯು ಇಬ್ಬರಿಗೂ ಇಲ್ಲ.

ಪರೀಕ್ಷಿಸುವ ಕ್ರಮ

ಸಂಖ್ಯೆಯನ್ನು ತೆಗೆಯುವ ಬಗೆಯು ತಾಣದಿಂದ ತಾಣಕ್ಕೆ ಭಿನ್ನವಾಗಿರುವುದು. ಬಹುಕಾಲ ಬಳಕೆಯಲ್ಲಿದ್ದ ಒಂದು ಬಗೆಯನ್ನು ಹುಡುಗನು ನನಗೆ ಕಾಗದದ ಮೇಲೆ ಮಾಡಿ ತೋರಿಸಿದನು. ಗಿರಣಿಯು ಕೊಡುವ ಸಾಲು ಹತ್ತರ ಸ್ಥಾನಪದ್ಧತಿಯಲ್ಲಿರದೆ ಹದಿನಾರರ ಸ್ಥಾನಪದ್ಧತಿಯಲ್ಲಿರುವುದು. ಅದರ ಮೊದಲ ಐದು ಅಂಕಿಗಳು 4, 2, 7, 0, 5 ಎಂದಿಟ್ಟುಕೊಳ್ಳೋಣ. ನಾಲ್ಕನ್ನು 65,536ರಿಂದ, ಎರಡನ್ನು 4,096ರಿಂದ, ಏಳನ್ನು 256ರಿಂದ, ಸೊನ್ನೆಯನ್ನು 16ರಿಂದ ಗುಣಿಸಿ, ಕಡೆಯ ಐದನ್ನು ಕೂಡಿಸಿದರೆ 2,72,133 ಬರುವುದು. ಇದರ ಕಡೆಯ ನಾಲ್ಕು ಅಂಕಿಗಳು 2133. ದಾಳದ ಸಂಖ್ಯೆ 21.33. ಲೆಕ್ಕವು ಹತ್ತು ಲಕ್ಷವನ್ನು ಮುಟ್ಟಿದರೆ ಆ ಐದಂಕಿಗಳನ್ನು ಬಿಟ್ಟು ಮುಂದಿನ ಐದನ್ನು ತೆಗೆದುಕೊಳ್ಳುವರು. ಏತಕ್ಕೆಂದರೆ, ಐದಂಕಿಗಳಿಂದ 10,48,576 ಸಂಖ್ಯೆಗಳಾಗುವುವು. ಮಿಗುವ ನಲವತ್ತೆಂಟು ಸಾವಿರ ಚಿಲ್ಲರೆಯನ್ನು ಬಿಡದಿದ್ದರೆ ಕೆಲವು ಫಲಗಳಿಗೆ ಉಳಿದವುಗಳಿಗಿಂತ ಒಂದು ಸಲ ಹೆಚ್ಚಾಗಿ ಬೀಳುವ ಅವಕಾಶ ದೊರೆಯುವುದು. ಇಷ್ಟು ಸೂಕ್ಷ್ಮವಾಗಿ ನ್ಯಾಯವನ್ನು ನೋಡಿಕೊಂಡಿರುವುದನ್ನು ಕಂಡು ನಾನು ತಲೆದೂಗಿದೆನೆಂಬುದನ್ನು ಮುಚ್ಚಿಡಲಾರೆ.

ಪರೀಕ್ಷೆಯು ಪ್ರಾಮಾಣಿಕವಾಗಬೇಕಾದರೆ ಐದು ವಿಷಯಗಳು ಸರಿಯಾಗಿರಬೇಕು. ಒಂದನೆಯದಾಗಿ, ಗುಪ್ತವಾಕ್ಯದ ಹಿಟ್ಟನ್ನು ಆಟಕ್ಕೆ ಮೊದಲೇ ತೋರಿಸಿರಬೇಕು. ಆಟಗಾರನು ಅದನ್ನು ತನ್ನಲ್ಲಿ ಬರೆದಿಟ್ಟುಕೊಂಡಿರಬೇಕು. ಎರಡನೆಯದಾಗಿ, ಆಟಗಾರನ ವಾಕ್ಯವನ್ನು ಆತನೇ, ಆ ಹಿಟ್ಟನ್ನು ಕಂಡ ಮೇಲೆ, ಆರಿಸಿರಬೇಕು. ತಾಣವೇ ಎರಡನ್ನೂ ಆರಿಸಿಕೊಟ್ಟರೆ, ತನಗೆ ಅನುಕೂಲವಾದ ಜೋಡಿಯನ್ನು ಹುಡುಕಿ ಇಟ್ಟಿಲ್ಲವೆಂಬುದಕ್ಕೆ ಪ್ರಮಾಣವಿಲ್ಲ. ಮೂರನೆಯದಾಗಿ, ಕ್ರಮಸಂಖ್ಯೆಯು ಒಂದು, ಎರಡು, ಮೂರು ಎಂದು ಎಲ್ಲಿಯೂ ತಪ್ಪದೆ ಸಾಗಿರಬೇಕು. ನಾಲ್ಕನೆಯದಾಗಿ, ಗುಪ್ತವಾಕ್ಯವನ್ನು ತೆರೆದು ತೋರಿಸಿದ ಮೇಲೆ ಅದನ್ನು ಅರೆದು, ಮೊದಲು ಬರೆದಿಟ್ಟ ಹಿಟ್ಟಿನೊಡನೆ ಅಕ್ಷರಶಃ ಹೋಲಿಸಬೇಕು. ಐದನೆಯದಾಗಿ, ಈ ಲೆಕ್ಕವನ್ನು ತಾಣದವರ ಪರೀಕ್ಷಾಪುಟದಲ್ಲಿ ಮಾಡದೆ, ಅವರಿಗೆ ಸಂಬಂಧಿಸದ ಬೇರೊಂದು ಸಾಧನದಿಂದ ಮಾಡಬೇಕು. ವರ್ತಕನ ತೂಕವನ್ನು ವರ್ತಕನ ತಕ್ಕಡಿಯಲ್ಲಿಯೇ ಪರೀಕ್ಷಿಸಿ ಫಲವೇನು?

ನಾವು ಹುಡುಗನ ಆಟಗಳಲ್ಲಿ ನಲವತ್ತನ್ನು ಆರಿಸಿ ಹೀಗೆ ಪರೀಕ್ಷಿಸಿದೆವು. ನಲವತ್ತೂ ಸರಿಯಾಗಿದ್ದವು. "ನೋಡಿದಿರಾ ಮೇಷ್ಟ್ರೇ?" ಎಂದು ಅವನ ಮುಖ ಅರಳಿತು.

ದಾಳ ಬೇರೆ, ಒಪ್ಪಂದ ಬೇರೆ

ಆಗ ನಾನು ಕೌಟಿಲ್ಯನ ನೂರಕ್ಕೆ ಐದನ್ನು ನೆನೆದು, "ಈ ಮನೆಯ ಒಡೆಯನಿಗೆ ಏನು ದೊರೆಯುವುದಪ್ಪ?" ಎಂದು ಕೇಳಿದೆನು. "ನೂರಕ್ಕೆ ಒಂದು ಮಾತ್ರ" ಎಂದನು. ಅದು ಹೇಗೆಂದರೆ, ದಾಳದಲ್ಲಿ ಹತ್ತು ಸಾವಿರ ಫಲಗಳುಂಟು, 49.50ಕ್ಕಿಂತ ಕಡಿಮೆ ಬಂದರೆ ಒಡ್ಡಿದ ಹಣಕ್ಕೆ ಎರಡರಷ್ಟು ಕೊಡುವರು. ಗೆಲ್ಲುವ ಫಲಗಳು 4,950, ಸೋಲುವ ಫಲಗಳು 5,050. ನೂರು ರೂಪಾಯಿ ಒಡ್ಡಿದವನಿಗೆ ಸರಾಸರಿಯಲ್ಲಿ ತೊಂಬತ್ತೊಂಬತ್ತು ರೂಪಾಯಿ ಮರಳುವುದು. ಇದನ್ನು ಅವರು ಮುಚ್ಚಿಟ್ಟಿಲ್ಲ, ಬರೆದೇ ಹಾಕಿರುವರು.

ನೂರಕ್ಕೆ ಒಂದೆಂಬುದು ಅಲ್ಪವಾಗಿ ತೋರುವುದು. ಆದರೆ ಪಗಡೆಯ ಹಾಸಿನ ಮುಂದೆ ಕುಳಿತವನಂತೆ ಇಲ್ಲಿ ದಾಳ ಕುಲುಕುವ ಹೊತ್ತಿಲ್ಲ. ನಿಮಿಷಕ್ಕೆ ಹತ್ತು ಆಟಗಳು ಲೀಲಾಜಾಲವಾಗಿ ಸಾಗುವುವು. ಗಂಟೆಗೆ ಆರು ನೂರು ಆಟ. ಆಟಕ್ಕೆ ನೂರು ರೂಪಾಯಿಯಂತೆ ಒಡ್ಡಿದ ಮೊತ್ತ 60,000. ಅದರಲ್ಲಿ ನೂರಕ್ಕೆ ಒಂದೆಂದರೆ ಗಂಟೆಗೆ ಆರು ನೂರು ರೂಪಾಯಿ. ಗೆದ್ದುದನ್ನೇ ಮತ್ತೆ ಒಡ್ಡುತ್ತಿರುವುದರಿಂದ ಕೈಯಲ್ಲಿ ಐದು ಸಾವಿರವಿದ್ದರೂ ಒಡ್ಡಿದ ಮೊತ್ತವು ಲಕ್ಷಗಟ್ಟಲೆಯಾಗುವುದು. ನೂರಕ್ಕೆ ಒಂದನ್ನು ಕಳೆಯುವುದು ಆ ಲಕ್ಷಗಳ ಮೇಲೆ.

"ಸೋತಾಗಲೆಲ್ಲ ಎರಡರಷ್ಟು ಒಡ್ಡಿದರೆ ಒಂದು ಸಲ ಗೆದ್ದೇ ಗೆಲ್ಲುತ್ತೇವಲ್ಲ" ಎಂಬುದು ಹುಡುಗನ ಉಪಾಯವಾಗಿತ್ತು. ಇದು ಬಹಳ ಹಳೆಯ ಬಲೆ. ಹತ್ತು ರೂಪಾಯಿಯಿಂದ ಆರಂಭಿಸಿ ಸತತವಾಗಿ ಹತ್ತು ಸಲ ಸೋತರೆ ಕಳೆದುಕೊಂಡದ್ದು 10,230 ರೂಪಾಯಿ. ಹನ್ನೊಂದನೆಯ ಸಲಕ್ಕೆ ಮತ್ತೆ 10,240 ಬೇಕು. ಸತತ ಹತ್ತು ಸೋಲು ಅಪರೂಪವೆಂದು ತೋರುವುದು. ಲೆಕ್ಕ ಹಾಕಿದರೆ ಸರಾಸರಿ 1,870 ಆಟಗಳೊಳಗೆ ಅಂತಹ ಸರಣಿ ಒಮ್ಮೆ ಬರತಕ್ಕದ್ದು. ಮೇಲಿನ ವೇಗದಲ್ಲಿ ಅದು ಮೂರು ಗಂಟೆ ಚಿಲ್ಲರೆಯ ಆಟ. ದಾಳ ಎಷ್ಟು ನ್ಯಾಯವಾಗಿದ್ದರೆ ಈ ಸರಣಿ ಅಷ್ಟು ನಿಶ್ಚಯವಾಗಿ ಬರುವುದು.

ಇದಕ್ಕೆ ಇತಿಹಾಸದಲ್ಲಿಯೇ ನಿದರ್ಶನವಿದೆ. 2012ರಲ್ಲಿ ಎರಿಕ್ ವೂರ್ಹೀಸ್ ಎಂಬವರು ಸತೋಶಿಡೈಸ್ ಎಂಬ ಬಿಟ್‌ಕಾಯಿನ್ ಜೂಜಿನ ತಾಣವನ್ನು ಆರಂಭಿಸಿದರು. ಪ್ರತಿದಿನದ ಗುಪ್ತವಾಕ್ಯದ ಮುದ್ರೆಯನ್ನು ಅಲ್ಲಿ ಮುಂಚಿತವಾಗಿಯೇ ಪ್ರಕಟಿಸುತ್ತಿದ್ದರು. ಬಳಿಕ ವಾಕ್ಯವನ್ನು ಬಯಲು ಮಾಡುತ್ತಿದ್ದರು. ಬೇಕಾದವರು ಒಂದೊಂದು ಪಣವನ್ನೂ ಪರೀಕ್ಷಿಸಬಹುದಾಗಿತ್ತು. ಒಡೆಯನ ಪಾಲು ನೂರಕ್ಕೆ ಸುಮಾರು 1.9. 2013ರ ಜುಲೈ ತಿಂಗಳಲ್ಲಿ ಆ ತಾಣವನ್ನು 1,26,315 ಬಿಟ್‌ಕಾಯಿನ್‌ಗಳಿಗೆ ಮಾರಿದರು. ಅಂದಿನ ಬೆಲೆಯಲ್ಲಿ ಅದು ಒಂದು ಕೋಟಿ ಡಾಲರಿಗೂ ಮಿಗಿಲು. ಎಲ್ಲರಿಗೂ ಬಯಲಾದ ದಾಳದಿಂದ ಇಷ್ಟು ಬೆಲೆಯ ಸಂಪತ್ತು ಒಂದು ವರ್ಷ ಚಿಲ್ಲರೆಯಲ್ಲಿ ಹುಟ್ಟಿತು. ದಾಳವನ್ನು ತಿದ್ದಬೇಕಾದ ಅಗತ್ಯವು ಆ ಒಡೆಯನಿಗೆ ಏನಿತ್ತು?

ಪರೀಕ್ಷೆಯು ಮುಟ್ಟದ ಇತರ ವಿಷಯಗಳೂ ಇವೆ. ಗೆದ್ದ ಹಣವನ್ನು ಕೊಡುವರೆಂಬುದಕ್ಕೆ ಯಾವ ಹ್ಯಾಷೂ ಹೊಣೆಯಲ್ಲ. ಆಟಕ್ಕೆ ಹಣವನ್ನು ತಡೆಯಿಲ್ಲದೆ ಸ್ವೀಕರಿಸಿ, ಹಿಂದಕ್ಕೆ ಕೇಳುವಾಗ ಗುರುತಿನ ಪತ್ರ, ನಿಯಮಭಂಗ ಎಂದು ತಡೆಯೊಡ್ಡಲು ತಾಣದವರಿಗೆ ಮಾರ್ಗಗಳುಂಟು. ಇಂತಹ ಅನೇಕ ತಾಣಗಳು ಕರಿಬಿಯನ್ ಸಮುದ್ರದ ಕ್ಯುರಸಾವೊ ಎಂಬ ದ್ವೀಪದ ಪರವಾನಗಿಯಿಂದ ನಡೆಯುವುವು. ನಮ್ಮ ಊರಿನ ಹುಡುಗನು ಅಲ್ಲಿಗೆ ಹೋಗಿ ದೂರು ಹೇಳುವನೆ? ಒಮ್ಮೆ ಕಳುಹಿಸಿದ ಕ್ರಿಪ್ಟೋ ಹಣವನ್ನು ಬ್ಯಾಂಕಿಗೆ ಬರೆದು ಮರಳಿಸಿಕೊಳ್ಳುವ ದಾರಿಯೂ ಇಲ್ಲ. ಇದಲ್ಲದೆ ಅದೇ ತಾಣದಲ್ಲಿ ಹೊರಗಿನವರು ಒದಗಿಸುವ ಚಕ್ರದ ಆಟಗಳಿಗೂ, ಜೀವಂತ ಮೇಜಿನ ಆಟಗಳಿಗೂ ಈ ಪರೀಕ್ಷೆಯು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಡೆಯದಾಗಿ, ಗುಪ್ತವಾಕ್ಯವನ್ನು ಆಟ ಮುಗಿದ ಮೇಲೆಯೇ ತೆರೆಯುವುದರಿಂದ ಪರೀಕ್ಷೆಯು ಯಾವಾಗಲೂ ಹಣ ಹೋದ ಮೇಲಿನದು.

ನಮ್ಮ ದೇಶದಲ್ಲಿ ಇನ್ನೊಂದು ವಿಷಯವೂ ಸೇರಿದೆ. ಹಣವನ್ನೊಡ್ಡಿ ಅಂತರ್ಜಾಲದಲ್ಲಿ ಆಡಿಸುವ ಆಟಗಳನ್ನು, ಅವು ಜಾಣ್ಮೆಯವಾಗಲಿ ಅದೃಷ್ಟದವಾಗಲಿ, ನಿಷೇಧಿಸುವ ಶಾಸನವನ್ನು ಪಾರ್ಲಿಮೆಂಟು ಅಂಗೀಕರಿಸಿ, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವಾಯಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನೂ ಅದು ವಿಧಿಸುವುದು. ಆಡಿ ಕೆಟ್ಟವನನ್ನು ದಂಡಿಸುವುದು ಅದರ ಉದ್ದೇಶವಲ್ಲ.

ಮರವನ್ನು ಎಣಿಸುವುದು

ಕಡೆಯ ದಿನ ನಾನು ಹುಡುಗನಿಗೆ ವನಪರ್ವದ ನಳೋಪಾಖ್ಯಾನವನ್ನು ನೆನಪಿಸಿದೆನು. ಋತುಪರ್ಣರಾಜನು ರಥದಲ್ಲಿ ಹೋಗುತ್ತ, ತಾರೆಯ ಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳಿದನು. ನಳನು ನಂಬಲಿಲ್ಲ, ರಥದಿಂದಿಳಿದು ಮರವನ್ನೇ ಕಡಿದು ಎಣಿಸಿದನು, ಲೆಕ್ಕ ಸರಿಯಾಗಿತ್ತು. ಅನಂತರವೇ ಅವನಿಗೆ ಅಕ್ಷಹೃದಯವೆಂಬ ವಿದ್ಯೆ ಲಭಿಸಿತು. "ನೀನು ನಲವತ್ತು ಎಲೆಗಳನ್ನು ಪರೀಕ್ಷಿಸಿದೆ. ಮರವನ್ನು ಎಣಿಸಿದ್ದೀಯಾ?" ಎಂದೆನು.

ಅವನು ತನ್ನ ಮೂರು ತಿಂಗಳ ಆಟದ ಪಟ್ಟಿಯನ್ನೆಲ್ಲ ತೆಗೆದು, ಮೊದಲ ಸಲ, ಒಡ್ಡಿದ ಹಣವನ್ನು ಕೂಡಿಸಿದನು. ಆಟಗಳು ಒಂದು ಲಕ್ಷಕ್ಕೂ ಮಿಗಿಲಾಗಿದ್ದವು. ತಿಂಗಳ ಸಂಬಳದಲ್ಲಿ ಬಾಡಿಗೆ ಕೊಟ್ಟು ಬದುಕುವ ಆ ಹುಡುಗನು ಒಟ್ಟು ಒಂದು ಕೋಟಿ ಹನ್ನೆರಡು ಲಕ್ಷ ರೂಪಾಯಿಗಳನ್ನು ಪಣವಾಗಿ ಒಡ್ಡಿದ್ದನು. ಕಳೆದುದು ಒಂದು ಲಕ್ಷ ಮೂವತ್ತು ಸಾವಿರ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಮೇಲೆ. ಮೊತ್ತವನ್ನು ಎರಡು ಸಲ ಕೂಡಿಸಿ ನೋಡಿದನು. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ಹೋಗುವಾಗ, "ಇದನ್ನು ಅಮ್ಮನಿಗೆ ನಾನೇ ತೋರಿಸುತ್ತೇನೆ ಮೇಷ್ಟ್ರೇ" ಎಂದು ಹೇಳಿ ಕಾಗದವನ್ನು ಮಡಿಸಿಕೊಂಡನು. ಈಗ ತಂಗಿಯ ಫೀಸಿಗಾಗಿ ತಿಂಗಳು ತಿಂಗಳೂ ತಾಯಿಯ ಕೈಗೆ ಹಣ ಕೊಡುತ್ತಿರುವನೆಂದು ಆಕೆಯೇ ಹೇಳಿದರು.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳು ಇಂತಹ ಆಟದಲ್ಲಿ ತೊಡಗಿದ್ದರೆ, ದಾಳದಲ್ಲಿ ಮೋಸವಿದೆಯೆಂದು ವಾದಿಸಹೋಗಬೇಡಿ. ದಾಳವು ನೇರವಾಗಿಯೇ ಇರಬಹುದು. ಮಗನು ಅದನ್ನು ಸಾಧಿಸಿ ತೋರಿಸುವನು. ನಿಮ್ಮ ಮಾತು ಅಲ್ಲಿಗೇ ಬಿದ್ದುಹೋಗುವುದು. ಅದರ ಬದಲು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಇದುವರೆಗೆ ಒಟ್ಟು ಎಷ್ಟನ್ನು ಒಡ್ಡಿದೆ, ಎಷ್ಟು ಮರಳಿತು ಎಂದು ಶಾಂತವಾಗಿ ಕೇಳಿ, ಉತ್ತರವನ್ನು ಅವನ ಕೈಯಿಂದಲೇ ಬರೆಯಿಸಿ.